ಎದೆಯಿಂದ ಹೊರಟ ಕೋಶ ಗದ್ದದಲ್ಲಿ ಪತ್ತೆ!

ಒಂದು ಒಗಟು. ಬಿಡಿಸಿ ನೋಡೋಣ!

ಅರವತ್ತರ ಆಸುಪಾಸಿನ ಒಬ್ಬ ಮಹಿಳೆ ಎಂದುಕೊಳ್ಳಿ. ಗದ್ದದ ಒಂದು ಬದಿ ಮರಗಟ್ಟಿದೆ. ಕೆಳತುಟಿಯ ಅರ್ಧಕ್ಕೆ ಸ್ಪರ್ಶವೇ ತಿಳಿಯದು. ಕಾಫಿ ಕುಡಿಯುವಾಗ ತುಟಿಯಂಚಿನಿಂದ ಹನಿ ಜಾರಿದರೂ ಗೊತ್ತಾಗುವುದಿಲ್ಲ. ನೋವಿಲ್ಲ. ಬಾವಿಲ್ಲ. ಹಲ್ಲುಗಳೆಲ್ಲ ಗಟ್ಟಿಯಾಗಿವೆ. ಏನಾಗಿದೆ ಹೇಳಿ?

ವಿಟಮಿನ್ ಕೊರತೆ ಅಂದಿರಾ? ಅಲ್ಲ. ಸಕ್ಕರೆ ಕಾಯಿಲೆ? ಅಲ್ಲ. ಲಕ್ವ ಹೊಡೆಯುವ ಸೂಚನೆ? ಅದೂ ಅಲ್ಲ!

ಸ್ತನ ಕ್ಯಾನ್ಸರ್!

ಹೌದು, ಗದ್ದದಲ್ಲಿ! ಎಷ್ಟೋ ವರ್ಷದ ಹಿಂದೆ ಆಪರೇಷನ್ ಆಗಿ, ಔಷಧಿ ಮುಗಿದು, ಮನೆಮಂದಿಯೆಲ್ಲ ನಿಟ್ಟುಸಿರು ಬಿಟ್ಟು ಮರೆತಿದ್ದ ಕಾಯಿಲೆ. ಅದರ ಕೆಲವೇ ಕೋಶಗಳು ಕೆಳದವಡೆಯ ಮೂಳೆಯೊಳಗೆ ಬೇರೂರಿವೆ. ಗದ್ದಕ್ಕೆ ಸ್ಪರ್ಶಜ್ಞಾನ ಕೊಡುವ ನರ ಆ ಮೂಳೆಯಲ್ಲಿರುವ ಒಂದು ಪುಟ್ಟ ರಂಧ್ರದಿಂದ ಹೊರಬರುತ್ತದೆ. ನರ ಅದುಮಿಹೋದರೆ ಮುಗಿಯಿತು, ಗದ್ದ ಮರಗಟ್ಟುತ್ತದೆ!

ಇದನ್ನು ಮೊದಲು ಗಮನಿಸಿದ್ದು ಯಾವಾಗ ಗೊತ್ತೆ? ಎಕ್ಸ್‌ರೇ ಇಲ್ಲದ ಕಾಲದಲ್ಲಿ. ಅರಿವಳಿಕೆಯೂ ಇಲ್ಲದ ಕಾಲದಲ್ಲಿ. 1830ರಲ್ಲಿ! ಸ್ಕಾಟ್ಲೆಂಡಿನ ಸರ್ಜನ್ ಚಾರ್ಲ್ಸ್ ಬೆಲ್, ಸ್ತನ ಕ್ಯಾನ್ಸರ್ ಇದ್ದ ಒಬ್ಬ ಮಹಿಳೆಯ ತುಟಿ ಸ್ಪರ್ಶ ಕಳೆದುಕೊಂಡದ್ದನ್ನು ಬರೆದಿಟ್ಟ. ಮುಖದ ಒಂದು ಬದಿ ಸೊಟ್ಟಗಾಗುವ ‘ಬೆಲ್ಸ್ ಪಾಲ್ಸಿ’ಗೆ ಹೆಸರು ಕೊಟ್ಟವನೂ ಇವನೇ.

ಗಾಬರಿ ಬೇಡ. ಗದ್ದ ಜೋಮು ಹಿಡಿದರೆ ಹೆಚ್ಚಿನ ಸಲ ಹಲ್ಲು, ದವಡೆಯ ತೊಂದರೆಯೇ ಇರುತ್ತದೆ. ಆದರೆ ಹಲ್ಲಿನ ಡಾಕ್ಟರು ಏನೂ ಇಲ್ಲ ಎಂದ ಮೇಲೂ ಜೋಮು ಹೋಗದಿದ್ದರೆ, ಹಿಂದೊಮ್ಮೆ ಕ್ಯಾನ್ಸರ್ ಬಂದವರು ಸುಮ್ಮನಿರಬಾರದು.

ಈಗ ಎರಡನೇ ಒಗಟು. ದೇಹದ ಬೇರೆಲ್ಲೋ ಹುಟ್ಟಿದ ಕ್ಯಾನ್ಸರ್ ಕಣ್ಣಿಗೆ ಬರುವುದುಂಟು. ಹಾಗೆ ಬರುವ ಕ್ಯಾನ್ಸರ್‌ಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ? ಮೆದುಳಿನದ್ದಕ್ಕೆ? ಮೂಗಿನದ್ದಕ್ಕೆ? ಪಕ್ಕದಲ್ಲೇ ಇವೆಯಲ್ಲ!

ಮತ್ತೆ ಸ್ತನದ್ದಕ್ಕೇ!

ಫಿಲಡೆಲ್ಫಿಯಾದ ವಿಲ್ಸ್ ಕಣ್ಣಿನ ಆಸ್ಪತ್ರೆಯ ತಜ್ಞರು 1997ರಲ್ಲಿ ಇಂಥ 420 ರೋಗಿಗಳ ಲೆಕ್ಕ ಕೊಟ್ಟರು. ಕಣ್ಣಿನ ನಡುಪದರಕ್ಕೆ ಹೊರಗಿನಿಂದ ಕ್ಯಾನ್ಸರ್ ಬಂದಿದ್ದವರು ಅವರೆಲ್ಲ. ಅದರಲ್ಲಿ ಶೇ. 47ರಷ್ಟು ಸ್ತನದಿಂದ ಬಂದದ್ದು! ಎರಡನೇ ಸ್ಥಾನದ ಶ್ವಾಸಕೋಶಕ್ಕೆ ಸಿಕ್ಕಿದ್ದು ಬರೀ ಶೇ. 21.

ಇನ್ನೂ ಒಂದು ಬೆರಗು ಕೇಳಿ. ಕಣ್ಣಿನ ಗೂಡಿನಲ್ಲಿ, ಅಂದರೆ ಗುಡ್ಡೆಯ ಹಿಂದೆ ಗಡ್ಡೆ ಬೆಳೆದರೆ ಕಣ್ಣು ಏನಾಗಬೇಕು? ಮುಂದಕ್ಕೆ ಉಬ್ಬಬೇಕು ತಾನೆ? ಸ್ತನ ಕ್ಯಾನ್ಸರ್‌ನಲ್ಲಿ ಕೆಲವೊಮ್ಮೆ ತಿರುಗಾಮುರುಗಾ. ಕಣ್ಣು ಒಳಕ್ಕೆ ಹೋಗುತ್ತದೆ! ಕೆಲವು ಸ್ತನ ಗಡ್ಡೆಗಳು ತಮ್ಮ ಸುತ್ತ ಗಟ್ಟಿಯಾದ ನಾರಿನ ಅಂಗಾಂಶ ಬೆಳೆಸುತ್ತವೆ. ಆ ನಾರು ಕಾಲಕ್ರಮೇಣ ಕುಗ್ಗುತ್ತದೆ. ಕುಗ್ಗುತ್ತ ಕುಗ್ಗುತ್ತ ಕಣ್ಣುಗುಡ್ಡೆಯನ್ನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಗಡ್ಡೆ ಬೆಳೆಯುತ್ತಿದೆ, ಕಣ್ಣು ಗುಳಿಬೀಳುತ್ತಿದೆ!

ದಾಹವೂ ಸುಳಿವಾಗಬಲ್ಲದು. ತಂಬಿಗೆಗಟ್ಟಲೆ ನೀರು ಕುಡಿದರೂ ತೀರದ ದಾಹ. ರಾತ್ರಿಯಿಡೀ ಮೂತ್ರಕ್ಕೆ ಏಳುವುದು. ಸಕ್ಕರೆ ಪರೀಕ್ಷೆ ಮಾಡಿಸಿದರೆ ಎಲ್ಲ ಸರಿ! ಮೆದುಳಿನ ಬುಡದಲ್ಲಿ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಇದೆಯಲ್ಲ, ಮೂತ್ರವನ್ನು ಹಿಡಿತದಲ್ಲಿಡುವ ಹಾರ್ಮೋನನ್ನು ರಕ್ತಕ್ಕೆ ಬಿಡುವುದು ಅದರ ಹಿಂಭಾಗ. ಆ ಭಾಗಕ್ಕೆ ಅಪಧಮನಿಯ ರಕ್ತ ನೇರವಾಗಿ ಬರುತ್ತದೆ. ಆ ರಕ್ತದಲ್ಲೇ ಬಂದಿಳಿಯುತ್ತವೆ ಕ್ಯಾನ್ಸರ್ ಕೋಶಗಳು. ಮಹಿಳೆಯರಲ್ಲಿ ಅವು ಹೆಚ್ಚಾಗಿ ಬರುವುದು ಎಲ್ಲಿಂದ? ನೀವೇ ಹೇಳಿ!

ತಲೆಯಲ್ಲಿ ಒಂದು ಕಡೆ ಕೂದಲು ಉದುರಿ ನುಣ್ಣಗಾದ ಜಾಗವೂ ಸ್ತನ ಕ್ಯಾನ್ಸರ್ ಇಳಿದ ತಾಣವಾಗಿರಬಹುದು. ಅಪರೂಪ, ಆದರೆ ವೈದ್ಯರು ಕಂಡಿದ್ದಾರೆ.

ಗಡ್ಡೆಯೊಳಗೆ ಗಡ್ಡೆ? ಅದೂ ಇದೆ! ಮೆದುಳಿನ ಪೊರೆಯಲ್ಲಿ ಮೆನಿಂಜಿಯೋಮಾ ಎಂಬ ಗಡ್ಡೆ ಬೆಳೆಯುತ್ತದೆ. ಬಹುಪಾಲು ನಿರುಪದ್ರವಿ, ನಿಧಾನಿ. ಆಪರೇಷನ್ ಮಾಡಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಅದರ ಹೊಟ್ಟೆಯೊಳಗೆ ಇನ್ನೊಂದು ಕ್ಯಾನ್ಸರ್ ಮನೆ ಮಾಡಿಕೊಂಡಿದೆ! ಇಂಥ ಘಟನೆ 1930ರಷ್ಟು ಹಿಂದೆಯೇ ವರದಿಯಾಗಿದೆ. ಹೀಗೆ ಮೆನಿಂಜಿಯೋಮಾದೊಳಗೆ ನುಗ್ಗುವ ಕ್ಯಾನ್ಸರ್‌ಗಳಲ್ಲಿ ಮುಂಚೂಣಿಯಲ್ಲಿರುವುವು ಎರಡು: ಶ್ವಾಸಕೋಶದ್ದು, ಸ್ತನದ್ದು.

ಇಷ್ಟಕ್ಕೇ ತಲೆ ತಿರುಗಿತೇ? ನನಗೆ ಇವೆಲ್ಲಕ್ಕಿಂತ ರೋಮಾಂಚನ ತಂದದ್ದು ಹೊಟ್ಟೆಯ ಕಥೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಜೀವ ಉಳಿಸುವ ಮಾತಿದೆ.

ಹಸಿವಿಲ್ಲ. ಎರಡು ತುತ್ತು ತಿಂದರೆ ಹೊಟ್ಟೆ ಭರ್ತಿ. ವಾಕರಿಕೆ. ತೂಕ ಇಳಿಯುತ್ತಿದೆ. ಎಂಡೋಸ್ಕೋಪಿ ಮಾಡಿದರೆ ಜಠರದ ಗೋಡೆ ದಪ್ಪಗಾಗಿ ಬಿಗಿದುಕೊಂಡಿದೆ. ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್! ಜಠರದ ಕ್ಯಾನ್ಸರ್ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಜಠರವನ್ನೇ ತೆಗೆಯಬೇಕು ಎಂಬ ಮಾತೂ ಬರುತ್ತದೆ.

ನಿಲ್ಲಿ! ಒಂದೇ ಒಂದು ಪ್ರಶ್ನೆ ಬಾಕಿ ಇದೆ. “ಅಮ್ಮಾ, ನಿಮಗೆ ಹಿಂದೆ ಯಾವತ್ತಾದರೂ ಎದೆಯ ಆಪರೇಷನ್ ಆಗಿತ್ತಾ?”

ಆಗಿತ್ತು! ಎಷ್ಟೋ ವರ್ಷದ ಹಿಂದೆ!

ಅಮೆರಿಕದ ಮೇಯೊ ಕ್ಲಿನಿಕ್‌ನವರು 1985ರಿಂದ 2000ದವರೆಗಿನ ದಾಖಲೆ ಜಾಲಾಡಿದರು. ಹರಡಿದ ಸ್ತನ ಕ್ಯಾನ್ಸರ್‌ನ ಪ್ರಕರಣಗಳು 12,001. ಅದರಲ್ಲಿ ಜಠರ, ಕರುಳು ಅಥವಾ ಹೊಟ್ಟೆಯ ಪೊರೆಗೆ ಬಂದದ್ದು ಎಷ್ಟು? ಬರೀ 73! ನೂರಕ್ಕೆ ಒಂದೂ ಇಲ್ಲ. ಆದರೆ ಮೊದಲ ಕಾಯಿಲೆಗೂ ಇದಕ್ಕೂ ನಡುವಿನ ಅಂತರ ಸುಮಾರು 7 ವರ್ಷ. ಯಾರಿಗೆ ನೆನಪಿರುತ್ತದೆ? ಹೊಟ್ಟೆನೋವಿಗೂ ಎದೆಗೂ ಯಾರು ಗಂಟು ಹಾಕುತ್ತಾರೆ?

ಆ 73ರಲ್ಲಿ ಇನ್ನೊಂದು ಸುಳಿವೂ ಇತ್ತು. ಶೇ. 64ರಷ್ಟು ಒಂದೇ ಜಾತಿಯವು! ಹೆಸರು ಲೋಬ್ಯುಲರ್ ಕಾರ್ಸಿನೋಮಾ. ಸ್ತನ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ನೂರಕ್ಕೆ ಹತ್ತರಿಂದ ಹದಿನೈದು ಮಾತ್ರ. ಅಷ್ಟು ಚಿಕ್ಕ ಪಾಲಿನದು ಹೊಟ್ಟೆಯಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಅಂಗಳ ಹಿಡಿದು ಕುಳಿತಿದೆ. ಯಾಕೆ?

ಅಂಟಿಲ್ಲ, ಅದಕ್ಕೆ!

ನಮ್ಮ ಅಂಗಾಂಗಗಳ ಒಳಹೊದಿಕೆಯ ಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅಂಟಿನ ಹೆಸರು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು. ಲೋಬ್ಯುಲರ್ ಕ್ಯಾನ್ಸರ್ ಕೋಶಗಳು ಈ ಅಂಟನ್ನೇ ಕಳೆದುಕೊಂಡಿವೆ. ಹಾಗಾಗಿ ಗಂಟು ಕಟ್ಟುವುದಿಲ್ಲ. ಒಂಟೊಂಟಿಯಾಗಿ, ಒಂದರ ಹಿಂದೆ ಒಂದು ಸಾಲು ಹಿಡಿದು ಅಂಗಾಂಶದೊಳಗೆ ನುಸುಳುತ್ತವೆ. ಮ್ಯಾಮೋಗ್ರಾಮ್‌ನಲ್ಲೂ ಎಷ್ಟೋ ಸಲ ಸ್ಪಷ್ಟ ಗಡ್ಡೆಯಾಗಿ ಕಾಣುವುದಿಲ್ಲ. ಜಠರಕ್ಕೆ ಬಂದರೂ ಅದೇ ಚಾಳಿ. ಮೇಲ್ಪದರ ನುಣುಪಾಗಿಯೇ ಇರುತ್ತದೆ, ಕ್ಯಾನ್ಸರ್ ಅದರಡಿಯಲ್ಲಿ ಹಬ್ಬಿರುತ್ತದೆ. ಮೇಲಿನಿಂದ ಕಿತ್ತ ಚೂರಿನಲ್ಲಿ ಏನೂ ಸಿಗದೆ, ಆಳದಿಂದ ಇನ್ನೊಮ್ಮೆ ತೆಗೆಯಬೇಕಾಗುವುದೂ ಉಂಟು.

ಈಗ ಗಟ್ಟಿಯಾಗಿ ಕುಳಿತುಕೊಳ್ಳಿ! 1998ರಲ್ಲಿ ನ್ಯೂಜಿಲೆಂಡಿನ ವಿಜ್ಞಾನಿಗಳು ಒಂದು ಮಾವೊರಿ ಕುಟುಂಬದಲ್ಲಿ ತಲೆತಲಾಂತರದಿಂದ ಬರುತ್ತಿದ್ದ ಜಠರ ಕ್ಯಾನ್ಸರ್‌ಗೆ ಕಾರಣ ಹುಡುಕಿದರು. ಒಂದು ಜೀನ್ ಕೆಟ್ಟಿತ್ತು. ಯಾವುದು ಹೇಳಿ? ಇದೇ ಇ-ಕ್ಯಾಡ್ಹೆರಿನ್ ತಯಾರಿಸುವ ಜೀನ್! ಅದು ಕೆಟ್ಟು ಹುಟ್ಟಿದ ಹೆಣ್ಣುಮಕ್ಕಳಿಗೆ ಇನ್ನೊಂದು ಕ್ಯಾನ್ಸರ್‌ನ ಅಪಾಯವೂ ಹೆಚ್ಚು. ಅದು ಸ್ತನದ ಲೋಬ್ಯುಲರ್ ಕ್ಯಾನ್ಸರ್!

ಒಂದೇ ಅಂಟು ಬಿಟ್ಟುಹೋದರೆ ಜಠರದಲ್ಲೊಂದು ಕ್ಯಾನ್ಸರ್, ಸ್ತನದಲ್ಲೊಂದು ಕ್ಯಾನ್ಸರ್. ಸೂಕ್ಷ್ಮದರ್ಶಕದಲ್ಲಿ ಎರಡೂ ಅವಳಿ ಮಕ್ಕಳು! ಪೆಥಾಲಜಿಸ್ಟರ ಪಳಗಿದ ಕಣ್ಣನ್ನೂ ಮೋಸಗೊಳಿಸುವಷ್ಟು ಹೋಲಿಕೆ.

ಹಾಗಾದರೆ ಬೇರೆ ಮಾಡುವುದು ಹೇಗೆ? ಬಣ್ಣ ಹಾಕಿ! ಆ ಚೂರಿಗೆ ಈಸ್ಟ್ರೊಜೆನ್ ಗ್ರಾಹಕವನ್ನು ತೋರಿಸುವ ಬಣ್ಣ ಹಾಕುತ್ತಾರೆ. ಗಾಟಾ-3 ಎಂಬ ಇನ್ನೊಂದು ಪ್ರೋಟೀನನ್ನೂ ಹುಡುಕುತ್ತಾರೆ. ಎರಡೂ ಹೊಳೆದರೆ ಕೋಶದ ತವರು ಗೊತ್ತಾಯಿತು. ಅದು ಜಠರದ್ದಲ್ಲ, ಎದೆಯದು.

ತವರು ಗೊತ್ತಾದರೆ ಏನು ಲಾಭ? ಎಲ್ಲವೂ! ಜಠರದಲ್ಲೇ ಹುಟ್ಟಿದ ಕ್ಯಾನ್ಸರ್ ಆಗಿದ್ದರೆ ದೊಡ್ಡ ಆಪರೇಷನ್ನಿನ ಮಾತು. ಎದೆಯಿಂದ ಬಂದ, ಈಸ್ಟ್ರೊಜೆನ್ ನಂಬಿ ಬದುಕುವ ಕ್ಯಾನ್ಸರ್ ಆದರೆ ಲೆಟ್ರೋಜೋಲ್‌ನಂಥ ಹಾರ್ಮೋನ್ ತಡೆಯುವ ಮಾತ್ರೆ, ಜೊತೆಗೆ ಪಾಲ್ಬೊಸಿಕ್ಲಿಬ್ ಗುಂಪಿನ ಮಾತ್ರೆ. ಹೊಟ್ಟೆಯಲ್ಲಿದ್ದರೂ ಅದಕ್ಕೆ ಸ್ತನ ಕ್ಯಾನ್ಸರ್ ಔಷಧಿಯೇ ಬೇಕು! ಕೊಯ್ಯಬೇಕಿಲ್ಲದ ಹೊಟ್ಟೆಯೊಂದು ಉಳಿಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಎದೆಯ ಆಪರೇಷನ್ ಬಾಯಿಬಿಟ್ಟು ಹೇಳುವ ವಿಷಯವೇ ಅಲ್ಲ. ಅತ್ತೆಗೆ ಆಗಿದ್ದು ಸೊಸೆಗೆ ಗೊತ್ತಿರುವುದಿಲ್ಲ. ಅಮ್ಮನನ್ನು ಹೊಟ್ಟೆಯ ಡಾಕ್ಟರ ಹತ್ತಿರ ಕರೆದೊಯ್ಯುವ ಮಗ ಆ ಮಾತೇ ಎತ್ತುವುದಿಲ್ಲ. ದಯವಿಟ್ಟು ಹೇಳಿ! ಕಣ್ಣಿನ ಡಾಕ್ಟರಿಗೂ ಹೇಳಿ, ಹಲ್ಲಿನ ಡಾಕ್ಟರಿಗೂ ಹೇಳಿ. ಬೀರುವಿನಲ್ಲಿರುವ ಹಳೆಯ ಬಯಾಪ್ಸಿ ವರದಿಯನ್ನು ರದ್ದಿಗೆ ಹಾಕಬೇಡಿ. ಅದರಲ್ಲಿ ‘ಲೋಬ್ಯುಲರ್’ ಎಂದಿದೆಯೇ ಎಂದು ಇವತ್ತೇ ತೆಗೆದು ನೋಡಿ.

ಸರಿ, ಮತ್ತೆ ಒಗಟಿಗೆ. ಗದ್ದ, ಕಣ್ಣು, ಜಠರ... ಈ ಕೋಶಗಳು ದಾರಿ ತಪ್ಪಿ ಸಿಕ್ಕಸಿಕ್ಕಲ್ಲಿ ಬೀಳುತ್ತವೆಯೇ? ಅಥವಾ ಜಾಗ ಆರಿಸಿಕೊಳ್ಳುತ್ತವೆಯೇ?

ಇದಕ್ಕೆ ಉತ್ತರ ಹುಡುಕಲು ಹೊರಟವನ ಹತ್ತಿರ ಇದ್ದದ್ದು ಶವಪರೀಕ್ಷೆಯ ಹಳೆಯ ದಾಖಲೆಗಳಷ್ಟೇ! ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್. ವರ್ಷ 1889. ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಮಹಿಳೆಯರ ದಾಖಲೆಗಳನ್ನು ಆತ ಒಟ್ಟುಹಾಕಿದ. ಒಂದೊಂದರಲ್ಲೂ ಒಂದೇ ಪ್ರಶ್ನೆ: ಎಲ್ಲಿ ಹರಡಿತ್ತು?

ಪಿತ್ತಜನಕಾಂಗಕ್ಕೆ ಹರಡಿದ್ದು 241 ಮಂದಿಯಲ್ಲಿ. ಗುಲ್ಮಕ್ಕೆ?

ಊಹಿಸಿ. ನೂರು? ಐವತ್ತು?

ಹದಿನೇಳು!

ಗುಲ್ಮಕ್ಕೆ ರಕ್ತ ಒಯ್ಯುವ ಅಪಧಮನಿ ಸಣ್ಣದೇನಲ್ಲ. ಪಿತ್ತಜನಕಾಂಗದ ಅಪಧಮನಿಗಿಂತ ದೊಡ್ಡದೇ! ರಕ್ತದಲ್ಲಿ ತೇಲಿಹೋದ ಕೋಶಗಳು ಕುರುಡಾಗಿ ಬೀಳುವುದಾದರೆ ಗುಲ್ಮದಲ್ಲೂ ರಾಶಿ ಬೀಳಬೇಕಿತ್ತು. ಬೀಳಲಿಲ್ಲ. ಪ್ಯಾಜೆಟ್‌ಗೆ ಮಿಂಚು ಹೊಳೆದಂತಾಯಿತು. ಗಿಡದ ಬೀಜ ಗಾಳಿಯಲ್ಲಿ ಎಲ್ಲ ದಿಕ್ಕಿಗೂ ಹಾರುತ್ತದೆ, ಆದರೆ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ. ಕ್ಯಾನ್ಸರ್ ಕೋಶವೂ ಹಾಗೆಯೇ ಎಂದ ಆತ. ಎಲ್ಲರೂ ಬೀಜವನ್ನೇ ನೋಡುತ್ತಿದ್ದರು. ಮಣ್ಣನ್ನೂ ನೋಡಿ ಎಂದು ತೋರಿಸಿಕೊಟ್ಟವನು ಪ್ಯಾಜೆಟ್!

ಆಮೇಲೆ ಏನಾಯಿತು? ದಶಕಗಳ ಕಾಲ ಮಾತು ಮೂಲೆಗೆ ಬಿತ್ತು. 1928ರಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗ್, ಎಲ್ಲವೂ ರಕ್ತ ಹರಿಯುವ ದಾರಿಯ ಮೇಲೆ ನಿಂತಿದೆ ಎಂದ. ಜನ ಅದನ್ನೇ ಒಪ್ಪಿದರು. 1970ರ ದಶಕದಲ್ಲಿ ಐಸಾಯ ಫಿಡ್ಲರ್ ಬರುವವರೆಗೂ!

ಫಿಡ್ಲರ್ ಏನು ಮಾಡಿದ ನೋಡಿ. ಕ್ಯಾನ್ಸರ್ ಕೋಶಗಳಿಗೆ ವಿಕಿರಣದ ಗುರುತು ಹಾಕಿ ಇಲಿಗಳ ರಕ್ತಕ್ಕೆ ಬಿಟ್ಟ. ಒಂದು ದಿನದ ನಂತರ ಎಷ್ಟು ಬದುಕಿದ್ದವು? ಸಾವಿರಕ್ಕೆ ಒಂದೂ ಇಲ್ಲ! ಬಿಟ್ಟ ಕೋಶಗಳಲ್ಲಿ ಗಡ್ಡೆಯಾಗಿ ಬೆಳೆದದ್ದು ಹತ್ತು ಸಾವಿರಕ್ಕೆ ಒಂದಕ್ಕೂ ಕಡಿಮೆ! ಅಂದರೆ ಗದ್ದ ತಲುಪಿ ಬೇರೂರಿದ ಆ ಒಂದು ಕೋಶದ ಹಿಂದೆ ಸತ್ತುಹೋದವು ಸಾವಿರಾರು. ನಮ್ಮ ದೇಹ ಎಷ್ಟು ಕಠಿಣ ನೆಲ, ನೋಡಿದಿರಾ!

1980ರಲ್ಲಿ ಹಾರ್ಟ್ ಮತ್ತು ಫಿಡ್ಲರ್ ಇನ್ನೊಂದು ಅದ್ಭುತ ಪ್ರಯೋಗ ಮಾಡಿದರು. ಶ್ವಾಸಕೋಶದ ಚೂರು, ಅಂಡಾಶಯದ ಚೂರು, ಮೂತ್ರಪಿಂಡದ ಚೂರು. ಇವನ್ನು ಇಲಿಗಳ ದೇಹದಲ್ಲಿ ಬೇರೆ ಜಾಗಕ್ಕೆ ಕಸಿ ಮಾಡಿದರು. ಆಮೇಲೆ ರಕ್ತಕ್ಕೆ ಮೆಲನೋಮಾ ಕೋಶ ಬಿಟ್ಟರು. ಕಸಿ ಮಾಡಿದ ಶ್ವಾಸಕೋಶದ ಚೂರಿನಲ್ಲಿ ಗಡ್ಡೆ ಬಂತು. ಅಂಡಾಶಯದ ಚೂರಿನಲ್ಲಿ ಬಂತು. ಮೂತ್ರಪಿಂಡದ ಚೂರಿನಲ್ಲಿ ಬರಲೇ ಇಲ್ಲ! ಶವಪರೀಕ್ಷೆಯ ಹಾಳೆ ಎಣಿಸುತ್ತ ಕುಳಿತವನು ತೊಂಬತ್ತು ವರ್ಷ ಮೊದಲೇ ಸತ್ಯ ಹಿಡಿದಿದ್ದ!

ಜಾಗದ ಒಗಟು ಸ್ವಲ್ಪ ಬಿಡಿಸಿದಂತಾಯಿತು. ಕಾಲದ ಒಗಟು? ಅದು ಇನ್ನೂ ಮೈ ನವಿರೇಳಿಸುತ್ತದೆ.

2017ರಲ್ಲಿ 88 ಪ್ರಯೋಗಗಳ ಲೆಕ್ಕ ಒಟ್ಟಿಗೆ ಬಂತು. 62,923 ಮಹಿಳೆಯರು! ಎಲ್ಲರದೂ ಈಸ್ಟ್ರೊಜೆನ್ ನಂಬಿದ ಸ್ತನ ಕ್ಯಾನ್ಸರ್. ಎಲ್ಲರೂ 5 ವರ್ಷ ಹಾರ್ಮೋನ್ ಚಿಕಿತ್ಸೆ ಮುಗಿಸಿದವರು. ಅಲ್ಲಿಯವರೆಗೆ ಕಾಯಿಲೆ ಮರಳಿರಲಿಲ್ಲ. ಅದಾದ ಮೇಲೆ ಅಪಾಯ ಇಳಿಯುತ್ತ ಇಳಿಯುತ್ತ ಸೊನ್ನೆಯಾಗಬೇಕಲ್ಲವೇ?

ಆಗಲಿಲ್ಲ! ಐದನೇ ವರ್ಷದಿಂದ ಇಪ್ಪತ್ತನೇ ವರ್ಷದವರೆಗೂ ಕಾಯಿಲೆ ಮರಳುವುದು ಒಂದೇ ಸಮನೆ ನಡೆಯಿತು. ಗಡ್ಡೆ 2 ಸೆಂಟಿಮೀಟರ್ ಮೀರದೆ, ಕಂಕುಳ ಗ್ರಂಥಿಗೂ ತಾಗದೆ ಇದ್ದ ಅತಿ ಸೌಮ್ಯ ಗುಂಪಿನಲ್ಲೂ ಆ ಹದಿನೈದು ವರ್ಷಗಳಲ್ಲಿ ಶೇ. 13ರಷ್ಟು ಮಂದಿಗೆ ದೂರದ ಅಂಗದಲ್ಲಿ ಕ್ಯಾನ್ಸರ್ ಮರಳಿತು. ನೂರರಲ್ಲಿ ಉಳಿದ 87 ಮಂದಿಗೆ ಮರಳಲಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಇವರೆಲ್ಲ ದಶಕಗಳ ಹಿಂದೆ ಚಿಕಿತ್ಸೆ ಪಡೆದವರು. ಔಷಧಿ ಆಮೇಲೆ ಬಹಳ ಸುಧಾರಿಸಿದೆ.

ಡೆನ್ಮಾರ್ಕ್‌ನವರು ಇನ್ನೂ ದೂರ ಹೋದರು. ಹತ್ತು ವರ್ಷ ಕಾಯಿಲೆಯಿಲ್ಲದೆ ಕಳೆದ 20,315 ಮಹಿಳೆಯರನ್ನು ಹಿಂಬಾಲಿಸಿದರು. ಎಲ್ಲಿಯವರೆಗೆ ಗೊತ್ತೇ? ಮೊದಲ ಕಾಯಿಲೆಯಾಗಿ 32 ವರ್ಷಗಳವರೆಗೆ! ಅಷ್ಟು ತಡವಾಗಿಯೂ ಮರಳಿದ ಉದಾಹರಣೆಗಳು ಸಿಕ್ಕವು.

ಇಷ್ಟು ಕಾಲ ಆ ಕೋಶ ಏನು ಮಾಡುತ್ತಿತ್ತು? ಬೆಳೆಯುತ್ತಿರಲಿಲ್ಲ, ಸಾಯುತ್ತಲೂ ಇರಲಿಲ್ಲ. ಮಲಗಿತ್ತು! ಮೂಳೆಯ ಮಜ್ಜೆಯಲ್ಲಿ, ಶ್ವಾಸಕೋಶದಲ್ಲಿ, ಪುಟ್ಟ ರಕ್ತನಾಳಗಳ ಮಗ್ಗುಲಲ್ಲಿ. ಆ ನಾಳದ ಗೋಡೆಯೇ ಅದನ್ನು ಮಲಗಿಸುವ ಪ್ರೋಟೀನು ಸುರಿಸುತ್ತದೆ ಎಂದು 2013ರಲ್ಲಿ ಗೊತ್ತಾಯಿತು.

ಹಾಗಾದರೆ ಎಬ್ಬಿಸುವುದು ಯಾರು? 2018ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದವರು ಇಲಿಗಳಲ್ಲಿ ಒಬ್ಬ ಅಪರಾಧಿಯನ್ನು ಹಿಡಿದರು. ತಂಬಾಕಿನ ಹೊಗೆ! ಹೊಗೆ ಹೋದರೆ ಶ್ವಾಸಕೋಶ ಕೆರಳುತ್ತದೆ. ಬಿಳಿ ರಕ್ತಕಣಗಳು ಓಡಿಬಂದು ತಮ್ಮದೇ ಡಿಎನ್‌ಎಯ ಬಲೆ ಬೀಸುತ್ತವೆ. ಬಲೆಗಂಟಿದ ಕಿಣ್ವಗಳು ಲ್ಯಾಮಿನಿನ್ ಎಂಬ ಪ್ರೋಟೀನನ್ನು ಕತ್ತರಿಸುತ್ತವೆ. ಕತ್ತರಿಸಿದ ತುದಿ ಮಲಗಿದ್ದ ಕೋಶಕ್ಕೆ ತಾಗುತ್ತದೆ. ಎದ್ದಿತು! ಆ ತುದಿಗೆ ಪ್ರತಿಕಾಯದಿಂದ ಮುಚ್ಚಳ ಹಾಕಿದರೆ? ಏಳಲಿಲ್ಲ! 2025ರಲ್ಲಿ ಇನ್ನೊಂದು ತಂಡ, ಫ್ಲೂ ಮತ್ತು ಕೊರೊನಾ ವೈರಸ್ ಸೋಂಕು ಕೂಡ ಇಲಿಯ ಶ್ವಾಸಕೋಶದಲ್ಲಿ ಮಲಗಿದ್ದ ಸ್ತನ ಕ್ಯಾನ್ಸರ್ ಕೋಶಗಳನ್ನು ಕೆಲವೇ ದಿನಗಳಲ್ಲಿ ಎಬ್ಬಿಸಿದ್ದನ್ನು ತೋರಿಸಿತು.

ಕೊನೆಯದೊಂದನ್ನು ಬೇಕೆಂದೇ ಹಿಡಿದಿಟ್ಟುಕೊಂಡಿದ್ದೆ. ಸ್ತನ ಕ್ಯಾನ್ಸರ್ ಪತ್ತೆಯಾಗಬಹುದಾದ ಅತಿ ವಿಚಿತ್ರ ಜಾಗ ಯಾವುದು?

ಇನ್ನೊಬ್ಬರ ದೇಹ!

2007. ಯುರೋಪಿನಲ್ಲಿ 53 ವರ್ಷದ ಮಹಿಳೆಯೊಬ್ಬರು ಮೆದುಳಿನ ಆಘಾತದಿಂದ ತೀರಿಕೊಂಡರು. ಕ್ಯಾನ್ಸರ್‌ನ ಇತಿಹಾಸವಿಲ್ಲ. ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ. ಅಂಗಾಂಗ ದಾನವಾಯಿತು. ಹದಿನಾರು ತಿಂಗಳ ನಂತರ ಶ್ವಾಸಕೋಶ ಪಡೆದ ಮಹಿಳೆಗೆ ಕ್ಯಾನ್ಸರ್ ಬಂತು. ಕೋಶಗಳ ಡಿಎನ್‌ಎ ನೋಡಿದರೆ ಅದು ದಾನಿಯ ಸ್ತನ ಕ್ಯಾನ್ಸರ್! ಆಮೇಲೆ ಪಿತ್ತಜನಕಾಂಗ ಪಡೆದವರಿಗೆ. ಆಮೇಲೆ ಒಂದು ಮೂತ್ರಪಿಂಡ ಪಡೆದವರಿಗೆ, ಆರು ವರ್ಷದ ನಂತರ! ಮೂವರೂ ಉಳಿಯಲಿಲ್ಲ. ಒಬ್ಬ ದಾನಿ, ಯಾರ ಕಣ್ಣಿಗೂ ಬೀಳದ ಕೋಶಗಳು, ಒಂದೊಂದು ಅಂಗದಲ್ಲೂ ಮಲಗಿಯೇ ಪ್ರಯಾಣ ಮಾಡಿದ್ದವು. ಇಂಥದ್ದು ಅತ್ಯಂತ ವಿರಳ. ಅಂಗದಾನಕ್ಕೆ ಹಿಂಜರಿಯಲು ಇದು ಕಾರಣವೇ ಅಲ್ಲ.

ಇನ್ನೊಂದು ಮೂತ್ರಪಿಂಡ? ಅದು ಹೋದದ್ದು 32 ವರ್ಷದ ಒಬ್ಬ ಗಂಡಸಿಗೆ. 2011ರಲ್ಲಿ ಆತನೊಳಗೂ ಅದೇ ಸ್ತನ ಕ್ಯಾನ್ಸರ್ ಸಿಕ್ಕಿತು. ವೈದ್ಯರು ಆ ಮೂತ್ರಪಿಂಡ ತೆಗೆದರು, ಕೀಮೋಥೆರಪಿ ಕೊಟ್ಟರು. ಇನ್ನೊಂದು ಕೆಲಸವನ್ನೂ ಮಾಡಿದರು. ಕಸಿ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುತ್ತಿದ್ದ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿಗಳನ್ನು ನಿಲ್ಲಿಸಿಬಿಟ್ಟರು!

ಆತನ ರೋಗನಿರೋಧಕ ಶಕ್ತಿಗೆ ಕಟ್ಟು ಬಿಚ್ಚಿತು. ಆ ಕೋಶಗಳು ಇನ್ನೊಬ್ಬರವು ಎಂದು ಗುರುತಿಸುವ ಬಲ ಅದಕ್ಕೆ ಮರಳಿತು. ಕಸಿಯಾದ ಹತ್ತು ವರ್ಷಗಳ ನಂತರ, 2017ರಲ್ಲಿ ಪರೀಕ್ಷಿಸಿದಾಗ ಆತನ ದೇಹದಲ್ಲಿ ಕ್ಯಾನ್ಸರ್‌ನ ಸುಳಿವೇ ಇರಲಿಲ್ಲ!